ಹೊರಟ ಪೆಟ್ಟು ಬೇರೆ, ಬಿದ್ದ ಪೆಟ್ಟು ಬೇರೆ

ಪ್ರಶ್ನೆ: ನಾನು ಆಡುವುದು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಒಂದು ಪಾತ್ರವನ್ನು ಬೆಳೆಸುತ್ತಾ ಹೋಗುವ ಕಂಪ್ಯೂಟರ್ ಆಟ. ಅದರಲ್ಲಿ ನನ್ನ ಹಳೆಯ ಕತ್ತಿಯ ಡ್ಯಾಮೇಜ್ (ಪೆಟ್ಟಿನ ಅಂಕಿ) 180. ಮೊನ್ನೆ ಒಂದು ಬೆಂಕಿ ಕತ್ತಿ ಸಿಕ್ಕಿತು. ಅದರಲ್ಲಿ ಫಿಸಿಕಲ್ (ಬರೀ ಅಲಗಿನ ಪೆಟ್ಟು) 110, ಬೆಂಕಿ 100, ಒಟ್ಟು 210. ಆದರೆ ಕಲ್ಲಿನ ಬಾಸ್ (ದೊಡ್ಡ ಶತ್ರು) ಒಬ್ಬನ ಮೇಲೆ ಬೀಸಿದರೆ ಹಳೆಯ ಕತ್ತಿಗೇ ಜಾಸ್ತಿ ರಕ್ತ ಇಳಿಯುತ್ತದೆ. ಗೇಮ್ ಸುಳ್ಳು ಹೇಳ್ತಿದೆಯಾ? ಇನ್ನೊಂದು, ನನ್ನ ಫೈರ್ ರೆಸಿಸ್ಟೆನ್ಸ್ (ಬೆಂಕಿಯನ್ನು ನೂರಕ್ಕಿಷ್ಟು ತಡೆಯುವ ಶಕ್ತಿ) 75ರ ಮೇಲೆ ಏರುತ್ತಲೇ ಇಲ್ಲ. 60 ದಾಟಿದ ಮೇಲೆ ರೆಸಿಸ್ಟ್ ಹಾಕುವುದೇ ದಂಡ ಅಂತ ಗೆಳೆಯ ಹೇಳುತ್ತಾನೆ. ಹೌದಾ? ಕೊನೆಯದಾಗಿ, ಶತ್ರುವಿನ ರೆಸಿಸ್ಟ್ ಇಳಿಸುವ ಶಾಪಗಳಿಂದ ನಿಜಕ್ಕೂ ಲಾಭ ಇದೆಯಾ, ಇಲ್ಲಾ ಸುಮ್ನೆ ಒಂದು ಸ್ಲಾಟ್ ತಿನ್ನುತ್ತವಾ?

ಉತ್ತರ: ಗೇಮ್ ಸುಳ್ಳು ಹೇಳುತ್ತಿಲ್ಲ. ಅರ್ಧ ಹೇಳಿ ಸುಮ್ಮನಾಗಿದೆ, ಅಷ್ಟೇ. ಕತ್ತಿಯ ಮೇಲೆ ಬರೆದಿರುವ 210 ನಿಮ್ಮ ಕೈಯಿಂದ ಹೊರಟ ಪೆಟ್ಟು. ಶತ್ರುವಿನ ಮೈಗೆ ಬಿದ್ದ ಪೆಟ್ಟು ಬೇರೆ. ನಡುವೆ ಸುಂಕದ ಕಟ್ಟೆ ಇದೆ. ಕೆಲವು ಗೇಮ್‌ಗಳಲ್ಲಿ ಒಂದು, ಕೆಲವದರಲ್ಲಿ ಎರಡು ಮೂರು. ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಇರುವುದು ಆ ಕಟ್ಟೆಯಲ್ಲಿ ಸುಂಕ ಹೇಗೆ ವಸೂಲಾಗುತ್ತದೆ ಅನ್ನುವುದರಲ್ಲಿ.

ಸುಂಕ ಎರಡು ಥರ. ಒಂದು, ತಲೆಗಿಷ್ಟು ಅಂತ ಎಣಿಸಿ ತಗೊಳ್ಳುವುದು. ಇನ್ನೊಂದು, ತಂದ ಸರಕಿನಲ್ಲಿ ನೂರಕ್ಕಿಷ್ಟು ಅಂತ ತಗೊಳ್ಳುವುದು. ಮೊದಲನೆಯದು ಕಳೆಯುವ ಲೆಕ್ಕ, ಎರಡನೆಯದು ಶೇಕಡಾ ಲೆಕ್ಕ. ಗೇಮ್‌ಗಳು ಇವೆರಡಕ್ಕೂ ಆರ್ಮರ್, ಡಿಫೆನ್ಸ್, ರೆಸಿಸ್ಟೆನ್ಸ್ ಅಂತ ಮನಸ್ಸಿಗೆ ಬಂದ ಹೆಸರು ಇಡುತ್ತವೆ. ಹೆಸರು ನೋಡಿ ಮೋಸ ಹೋಗಬೇಡಿ, ಲೆಕ್ಕ ನೋಡಿ.

ನೀವು ಗೇಮಿನ ಹೆಸರು ಬರೆದಿಲ್ಲ. ಪರವಾಗಿಲ್ಲ. ಎರಡು ಕತ್ತಿಗಳ ಕಥೆಯೇ ಸಾಕಷ್ಟು ಹೇಳುತ್ತದೆ. ನಿಮ್ಮ ಕಲ್ಲಿನ ಬಾಸ್‌ಗೆ ಫಿಸಿಕಲ್ ಡಿಫೆನ್ಸ್ 50, ಬೆಂಕಿಗೂ ಡಿಫೆನ್ಸ್ 50 ಅಂತ ಇಟ್ಟುಕೊಳ್ಳೋಣ. ಎರಡೂ ಕಳೆಯುವ ಜಾತಿಯವು. ಹಳೆಯ ಕತ್ತಿಯ 180 ಒಂದೇ ತಲೆಯಾಗಿ ಕಟ್ಟೆಗೆ ಬರುತ್ತದೆ, 50 ಕೊಟ್ಟು 130 ಆಗಿ ದಾಟುತ್ತದೆ. ಹೊಸ ಕತ್ತಿಯಿಂದ ಇಬ್ಬರು ಬರುತ್ತಾರೆ. ಫಿಸಿಕಲ್ 110 ತನ್ನ ಪಾಲಿನ 50 ಕೊಟ್ಟು 60 ಆಗುತ್ತದೆ. ಬೆಂಕಿಯ 100 ಕೂಡ ತನ್ನ 50 ಕೊಟ್ಟು 50 ಆಗುತ್ತದೆ. ಕೂಡಿದರೆ 110. ಹೊರಟಾಗ 30 ಮುಂದಿದ್ದ ಕತ್ತಿ, ಬಿದ್ದಾಗ 20 ಹಿಂದೆ. ಇಬ್ಬರು ಬಂದಿದ್ದಕ್ಕೆ ಎರಡು ಸಲ ಸುಂಕ ಬಿತ್ತು, ಅಲ್ವಾ? ಕಲ್ಲಿನ ಮೈಗೆ ಬೆಂಕಿ ಅಷ್ಟಾಗಿ ತಾಗುವುದಿಲ್ಲ ಅಂತ ಡಿಸೈನರ್ ಬೆಂಕಿಯ ಡಿಫೆನ್ಸ್ ಇನ್ನೂ ಏರಿಸಿದ್ದರೆ ಬೆಂಕಿಯ ಆ 50ರಲ್ಲೂ ಕಾಸು ಉಳಿಯುವುದಿಲ್ಲ.

ಇದನ್ನು ಆಟಗಾರರು ಸ್ಪ್ಲಿಟ್ ಡ್ಯಾಮೇಜ್ ಅನ್ನುತ್ತಾರೆ. ಡಾರ್ಕ್ ಸೋಲ್ಸ್ ಸರಣಿ ಆಡಿದವರಿಗೆ ಇದರ ರುಚಿ ಚೆನ್ನಾಗಿ ಗೊತ್ತು. ಅಲ್ಲಿ ಫಿಸಿಕಲ್, ಮ್ಯಾಜಿಕ್, ಬೆಂಕಿ, ಮಿಂಚು ಪ್ರತಿಯೊಂದಕ್ಕೂ ಬೇರೆ ಬೇರೆ ಡಿಫೆನ್ಸ್ ಇರುತ್ತದೆ. ಅದೇ ಕಂಪನಿಯ ಎಲ್ಡನ್ ರಿಂಗ್‌ನಲ್ಲಿ (2022) ಎರಡು ಕಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಮೊದಲು ಡಿಫೆನ್ಸ್, ಆಮೇಲೆ ಡ್ಯಾಮೇಜ್ ನೆಗೇಶನ್. ಡಿಫೆನ್ಸ್ ಅಲ್ಲಿ ನೇರವಾಗಿ ಕಳೆಯುವುದಿಲ್ಲ. ನಿಮ್ಮ ಏಟು ಎದುರಿನ ಡಿಫೆನ್ಸ್‌ಗಿಂತ ಎಷ್ಟು ಪಟ್ಟು ದೊಡ್ಡದು ಅಂತ ನೋಡಿ ಕಡಿಮೆ ಮಾಡುತ್ತದೆ. ಫಲ ಮಾತ್ರ ಅದೇ ದಿಕ್ಕಿನದು: ಚಿಕ್ಕ ಏಟಿಗೆ ನಷ್ಟ ಜಾಸ್ತಿ, ದೊಡ್ಡ ಏಟಿಗೆ ಕಡಿಮೆ. ನೆಗೇಶನ್ ಮಾತ್ರ ಅಪ್ಪಟ ಶೇಕಡಾ.

ಹಾಗಾದರೆ ಎರಡು ಜಾತಿಯ ಪೆಟ್ಟಿನ ಕತ್ತಿ ಯಾವಾಗಲೂ ಕೆಟ್ಟದ್ದಾ? ಇಲ್ಲ. ಸುಂಕ ಶೇಕಡಾ ಲೆಕ್ಕದಲ್ಲಿ ಮಾತ್ರ ಇದ್ದರೆ ಇಬ್ಬರಾಗಿ ಬಂದರೂ ಒಬ್ಬರಾಗಿ ಬಂದರೂ ವ್ಯತ್ಯಾಸವಿಲ್ಲ. ಎರಡಕ್ಕೂ ಶೇ. 50 ಇದ್ದರೆ 180 ಇಳಿದು 90 ಆಗುತ್ತದೆ, 210 ಇಳಿದು 105 ಆಗುತ್ತದೆ. ಅಲ್ಲಿ ಹೊಸ ಕತ್ತಿಯೇ ಗೆಲ್ಲುತ್ತದೆ. ಜೊತೆಗೆ ಸ್ಪ್ಲಿಟ್‌ಗೆ ಒಂದು ನೆಮ್ಮದಿಯೂ ಇದೆ. ಶತ್ರು ಒಂದು ಜಾತಿಯ ಪೆಟ್ಟಿಗೆ ಪೂರ್ತಿ ಕಲ್ಲಾಗಿದ್ದರೂ ಇನ್ನೊಂದು ಅರ್ಧ ಒಳಗೆ ಹೋಗುತ್ತದೆ.

ಕಳೆಯುವ ಲೆಕ್ಕದ ಇನ್ನೊಂದು ಬಲಿಪಶು ಕಠಾರಿ. ಒಂದು ಸೆಕೆಂಡಿಗೆ 12ರ ಐದು ಏಟು ಹಾಕುವ ಕಠಾರಿ, 60ರ ಒಂದೇ ಏಟು ಹಾಕುವ ಸುತ್ತಿಗೆ. ಪರದೆಯ ಮೇಲೆ ಎರಡರ ಸೆಕೆಂಡಿಗಿಷ್ಟು ಪೆಟ್ಟಿನ ಅಂಕಿ, ಅಂದರೆ ಡಿಪಿಎಸ್‌ ಕೂಡ 60. ಎದುರಿಗಿರುವವನ ಆರ್ಮರ್ ಪ್ರತಿ ಏಟಿನಲ್ಲಿ 10 ಕಳೆಯುತ್ತದೆ ಅನ್ನಿ. ಸುತ್ತಿಗೆಗೆ 50 ಉಳಿಯುತ್ತದೆ. ಕಠಾರಿಗೆ ಏಟಿಗೆ 2ರಂತೆ ಬರೀ 10. ಹನಿಹನಿ ಕೂಡಿದರೆ ಹಳ್ಳ ಅನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಪ್ರತಿ ಹನಿಯನ್ನೂ ಕಟ್ಟೆಯಲ್ಲೇ ಹೀರಿಬಿಡುತ್ತಾರೆ. ಡಿಪಿಎಸ್ ಅಂಕಿ ನೋಡಿ ಆಯುಧ ಆರಿಸುವವರು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಒಂದು ಆಟದಲ್ಲಿ ಎರಡು ಕಠಾರಿ ಹಿಡಿದ ಪಾತ್ರವನ್ನು ನಲವತ್ತು ಗಂಟೆ ಬೆಳೆಸಿದೆ. ಕೊನೆಯ ಕೋಟೆಯಲ್ಲಿ ಕಬ್ಬಿಣ ಹೊದ್ದ ಕಾವಲುಗಾರರ ಮುಂದೆ ನಿಂತಾಗ ಪ್ರತಿ ಏಟಿಗೂ ‘1’, ‘1’, ‘1’ ಅಂತ ಅಂಕಿ ಹಾರಿತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಆ ‘1’ ಕೂಡ ನನ್ನ ಸಾಮರ್ಥ್ಯ ಅಲ್ಲ. ಎಷ್ಟು ಕಳೆದರೂ ಕನಿಷ್ಠ ಒಂದಾದರೂ ತಾಗಲಿ ಅಂತ ಡಿಸೈನರ್ ಹಾಕಿದ್ದ ದಯೆ.

ಇನ್ನು ಪೆಟ್ಟಿನ ಜಾತಿಗಳ ವಿಷಯ. ಕತ್ತಿ ಕೊಯ್ಯುತ್ತದೆ, ಈಟಿ ತಿವಿಯುತ್ತದೆ, ಗದೆ ಜಜ್ಜುತ್ತದೆ. ಈ ಮೂರು ಭೇದ ಕಂಪ್ಯೂಟರ್ ಗೇಮ್‌ಗಳು ಹುಟ್ಟಿಸಿದ್ದಲ್ಲ. ಯುದ್ಧದಲ್ಲೇ ಇತ್ತು. ಉಕ್ಕಿನ ತಗಡಿನ ಕವಚದ ಮೇಲೆ ಕತ್ತಿಯ ಅಲಗು ಜಾರುತ್ತದೆ. ಗದೆಯ ಹೊಡೆತ ಕವಚ ಒಡೆಯದಿದ್ದರೂ ಒಳಗಿನ ಮೂಳೆಗೆ ತಾಗುತ್ತದೆ. ಸಂದಿ ಸಿಕ್ಕರೆ ಮೊನೆಯ ಆಯುಧ ಕೆಲಸ ಮುಗಿಸುತ್ತದೆ. 1974ರಲ್ಲಿ ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ, ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು. 1978ರ ಅಡ್ವಾನ್ಸ್‌ಡ್ ಆವೃತ್ತಿಯ ಆಟಗಾರರ ಪುಸ್ತಕದಲ್ಲಿ ಯಾವ ಆಯುಧ ಯಾವ ಕವಚದ ಮುಂದೆ ಎಷ್ಟು ಚೆನ್ನಾಗಿ ತಾಗುತ್ತದೆ ಅನ್ನುವ ದೊಡ್ಡ ಕೋಷ್ಟಕವೇ ಇತ್ತು. ದಾಳ ಉರುಳಿಸಿದಾಗಲೆಲ್ಲ ಅದನ್ನು ತೆರೆದು ನೋಡುವ ತಾಳ್ಮೆ ಯಾರಿಗಿದೆ? ಬಹಳಷ್ಟು ಜನ ಬಳಸಲೇ ಇಲ್ಲ. ಮೇಜಿನ ಮೇಲೆ ಸೋತ ಆ ಕೋಷ್ಟಕ ಕಂಪ್ಯೂಟರಿಗೆ ಬಂದಾಗ ಗೆದ್ದಿತು. ಅಲ್ಲಿ ಲೆಕ್ಕ ಮಾಡುವ ಕಷ್ಟ ಆಟಗಾರನಿಗಿಲ್ಲ.

ಅಸ್ಥಿಪಂಜರ ಒಂದನ್ನು ತಗೊಳ್ಳಿ. ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ ಸಾಮಾನ್ಯ ಅಸ್ಥಿಪಂಜರಕ್ಕೆ 13 ಪ್ರಾಣಾಂಕ. ಅದು ಜಜ್ಜುವ ಪೆಟ್ಟಿಗೆ ದುರ್ಬಲ. ಮೂಳೆ ಪುಡಿಯಾಗುತ್ತದೆ ಅನ್ನುವುದು ತರ್ಕ. ನಿಮ್ಮ ಕೈಯಲ್ಲಿ ಗದೆ ಇದೆ, ಆರು ಮುಖದ ಒಂದು ದಾಳ, ಮೇಲೆ ತೋಳ್ಬಲದ 3. ಸರಾಸರಿ 6.5. ದುರ್ಬಲತೆ ಇರುವುದರಿಂದ ಎರಡರಷ್ಟು, ಅಂದರೆ ಸರಿಯಾಗಿ 13. ಒಂದೇ ಏಟಿಗೆ ಚೂರು. ಅದೇ ದಾಳದ ಕಿರುಗತ್ತಿ ಹಿಡಿದರೆ ಅದು ತಿವಿಯುವ ಜಾತಿ. 6.5 ಹಾಗೇ ಉಳಿಯುತ್ತದೆ, ಎರಡು ಏಟು ಬೇಕು.

ಅದೇ ಅಸ್ಥಿಪಂಜರವನ್ನು 2003ರ 3.5 ಆವೃತ್ತಿಯಲ್ಲಿ ನೋಡಿ. ಅಲ್ಲಿ ದುರ್ಬಲತೆ ಇಲ್ಲ. ಬದಲಿಗೆ ಜಜ್ಜುವ ಪೆಟ್ಟು ಬಿಟ್ಟು ಉಳಿದೆಲ್ಲ ಆಯುಧದ ಪೆಟ್ಟಿನಿಂದ 5 ಕಳೆಯುತ್ತದೆ. ಗದೆಗೆ 6.5 ಪೂರ್ತಿ ಸಿಗುತ್ತದೆ. ಕಿರುಗತ್ತಿಗೆ ದಾಳದಲ್ಲಿ 1 ಅಥವಾ 2 ಬಿದ್ದರೆ ಏನೂ ಇಲ್ಲ, 6 ಬಿದ್ದರೂ ಬರೀ 4. ಸರಾಸರಿ ಹಾಕಿದರೆ ಎರಡಕ್ಕಿಂತ ಕಡಿಮೆ. ಹೇಳುವ ಕಥೆ ಒಂದೇ, ‘ಮೂಳೆಗೆ ಗದೆ ತಗೊಂಡು ಹೋಗು’. ಆದರೆ ಒಂದು ಲೆಕ್ಕ ಸರಿಯಾದ ಆಯುಧಕ್ಕೆ ಬಹುಮಾನ ಕೊಡುತ್ತದೆ, ಇನ್ನೊಂದು ತಪ್ಪು ಆಯುಧಕ್ಕೆ ದಂಡ ಹಾಕುತ್ತದೆ. ನನಗೆ ಬಹುಮಾನದ ದಾರಿಯೇ ಇಷ್ಟ. ದಂಡದ ದಾರಿಯಲ್ಲಿ ಹೊಸಬರು ಕಾರಣ ಗೊತ್ತಾಗದೇ ಆಟ ಬಿಡುತ್ತಾರೆ.

ಐದನೇ ಆವೃತ್ತಿ ಈ ಲೆಕ್ಕವನ್ನು ಬಹಳ ಸರಳ ಮಾಡಿತು. ರೆಸಿಸ್ಟೆನ್ಸ್ ಇದ್ದರೆ ಅರ್ಧ, ವಲ್ನರಬಿಲಿಟಿ ಇದ್ದರೆ ಎರಡರಷ್ಟು, ಇಮ್ಯುನಿಟಿ ಇದ್ದರೆ ಸೊನ್ನೆ. ಒಂದೇ ಜಾತಿಯ ರೆಸಿಸ್ಟೆನ್ಸ್ ಎರಡು ಕಡೆಯಿಂದ ಬಂದರೂ ಒಂದೇ ಲೆಕ್ಕ. ಉಂಗುರದಿಂದೊಂದು, ಮಂತ್ರದಿಂದೊಂದು ಅಂತ ಪೇರಿಸಿದರೆ ಕಾಲುಭಾಗ ಆಗುವುದಿಲ್ಲ. ಈ ನಿಯಮದ ಮೇಲೆ ನಿಂತ ಬಾಲ್ಡರ್ಸ್ ಗೇಟ್ 3 (2023) ಒಂದು ಚೆಂದದ ಕೆಲಸ ಮಾಡಿತು. ದುರ್ಬಲತೆಯನ್ನು ನೀವೇ ಹುಟ್ಟಿಸಬಹುದು. ಶತ್ರುವಿನ ಮೇಲೆ ನೀರಿನ ಬಾಟಲಿ ಎಸೆಯಿರಿ. ಅವನು ಒದ್ದೆಯಾದ. ಒದ್ದೆಯಾದವನಿಗೆ ಮಿಂಚು ಮತ್ತು ಚಳಿಯ ಪೆಟ್ಟು ಎರಡರಷ್ಟು, ಬೆಂಕಿ ಅರ್ಧ. ಮಿಂಚಿನ ಬಾಣದ ಮಂತ್ರಕ್ಕೆ ಆರು ಮುಖದ ಎಂಟು ದಾಳ, ಸರಾಸರಿ 28. ಒದ್ದೆಯಾದವನಿಗೆ 56. ಒಂದು ಬಾಟಲಿ ನೀರಿನ ಬೆಲೆ ಒಂದು ಮಂತ್ರದಷ್ಟು. ಮರೆತು ಬೆಂಕಿ ಎಸೆದಿರೋ, ನಿಮ್ಮ ಕೈಯಾರೆ ಅವನಿಗೆ ಕೊಡೆ ಹಿಡಿದಂತೆ.

ಗುಣಿಸುವ ಲೆಕ್ಕವನ್ನೇ ಇಡೀ ಆಟದ ಬೆನ್ನೆಲುಬು ಮಾಡಿಕೊಂಡಿದ್ದು ಪೋಕೆಮಾನ್. 1996ರಲ್ಲಿ ಜಪಾನಿನಲ್ಲಿ ಬಂದಾಗ 15 ಜಾತಿ ಇದ್ದವು, ಈಗ 18. ಜಾತಿ ಅನುಕೂಲವಾಗಿದ್ದರೆ ಎರಡರಷ್ಟು, ಪ್ರತಿಕೂಲವಾಗಿದ್ದರೆ ಅರ್ಧ, ಕೆಲವಕ್ಕೆ ಸೊನ್ನೆ. ಒಂದೇ ಪ್ರಾಣಿಗೆ ಎರಡು ಜಾತಿ ಇದ್ದರೆ ಎರಡನ್ನೂ ಗುಣಿಸುತ್ತಾರೆ. ಗ್ಯಾರಡಾಸ್ ನೀರು ಮತ್ತು ಹಾರಾಟ ಎರಡೂ ಆಗಿರುವುದರಿಂದ ವಿದ್ಯುತ್ತಿನ ಪೆಟ್ಟು ನಾಲ್ಕರಷ್ಟು ಬೀಳುತ್ತದೆ. ನೆಲದ ಜಾತಿಗೆ ಅದೇ ವಿದ್ಯುತ್ತು ಸೊನ್ನೆ. ಮೊದಲ ತಲೆಮಾರಿನ ಆಟಗಳಲ್ಲಿ ಒಂದು ತಮಾಷೆಯ ತಪ್ಪು ಉಳಿದುಬಿಟ್ಟಿತ್ತು. ಅತೀಂದ್ರಿಯ ಜಾತಿಯವರು ದೆವ್ವಕ್ಕೆ ಹೆದರುತ್ತಾರೆ ಅಂತ ಆಟದ ಒಳಗಿನ ಪಾತ್ರವೇ ಹೇಳುತ್ತದೆ. ಒಳಗಿನ ಕೋಷ್ಟಕದಲ್ಲಿ ಮಾತ್ರ ದೆವ್ವದ ಪೆಟ್ಟು ಅವರಿಗೆ ಸೊನ್ನೆ. ಕೋಷ್ಟಕದ ಒಂದು ಮನೆ ತಪ್ಪಿದ್ದಕ್ಕೆ ಆ ತಲೆಮಾರಿನಲ್ಲಿ ಅತೀಂದ್ರಿಯರನ್ನು ತಡೆಯುವವರೇ ಇಲ್ಲವಾದರು.

ಈಗ ನಿಮ್ಮ ಗೆಳೆಯನ ಮಾತಿಗೆ ಬರೋಣ. 60ರ ಮೇಲೆ ರೆಸಿಸ್ಟ್ ದಂಡ ಅನ್ನುವುದು ತಪ್ಪು. ತಪ್ಪು ಅನ್ನುವುದಕ್ಕಿಂತ ತಲೆಕೆಳಗು ಅನ್ನಬೇಕು.

ಶೇಕಡಾ ರೆಸಿಸ್ಟ್ ನೋಡುವಾಗ ಎಷ್ಟು ತಡೆದೆ ಅಂತ ನೋಡಬೇಡಿ. ಎಷ್ಟು ಒಳಗೆ ಬಂತು ಅಂತ ನೋಡಿ. ಡ್ರ್ಯಾಗನ್ 1000ದ ಬೆಂಕಿ ಉಗುಳಿತು. ರೆಸಿಸ್ಟ್ 0 ಇದ್ದವನು 10ಕ್ಕೆ ಏರಿಸಿದರೆ 1000 ಹೋಗಿ 900 ಬೀಳುತ್ತದೆ. ಹತ್ತರಲ್ಲಿ ಒಂದು ಪಾಲು ಉಳಿಯಿತು. 60 ಇದ್ದವನು 70ಕ್ಕೆ ಏರಿಸಿದರೆ 400 ಹೋಗಿ 300. ಅದು ಕಾಲುಭಾಗದ ಉಳಿತಾಯ. 65ರಿಂದ 75ಕ್ಕೆ ಹೋದರೆ 350 ಇಳಿದು 250 ಆಗುತ್ತದೆ. ಇನ್ನೂ ಜಾಸ್ತಿ. ಪ್ರತಿ ಸಲ ತಡೆದದ್ದು ಅದೇ 100 ಇರಬಹುದು. ಆದರೆ ನಿಮ್ಮ ಜೀವ 900 ಅನ್ನಿ. ರೆಸಿಸ್ಟ್ 0 ಇದ್ದರೆ ಒಂದೇ ಉಗುಳಿಗೆ ಹೋಗುತ್ತೀರಿ. 60 ಇದ್ದರೆ ಮೂರನೆಯದಕ್ಕೆ. 75 ಇದ್ದರೆ ನಾಲ್ಕನೆಯದಕ್ಕೆ. 90 ಇದ್ದಿದ್ದರೆ ಒಂಬತ್ತು ಬೇಕಾಗುತ್ತಿತ್ತು. ಕೊನೆಯ ಪಾಯಿಂಟುಗಳೇ ಬಂಗಾರ.

ಅದಕ್ಕೇ ಡಿಸೈನರ್‌ಗಳು ಮೇಲೊಂದು ಮುಚ್ಚಳ ಹಾಕುತ್ತಾರೆ. ನಿಮ್ಮ 75 ನಿಂತಿದ್ದು ಆ ಮುಚ್ಚಳಕ್ಕೆ ತಾಗಿ. 2000ದ ಡಯಾಬ್ಲೋ 2ರಲ್ಲಿ ಇದೇ 75. ಪಾತ್ ಆಫ್ ಎಕ್ಸೈಲ್‌ನಲ್ಲಿಯೂ 75. ವಿಶೇಷ ವಸ್ತುಗಳಿಂದ ಮುಚ್ಚಳವನ್ನೇ ಮೇಲೆತ್ತಬಹುದು. ಮೊದಲನೆಯದರಲ್ಲಿ 95ರವರೆಗೆ, ಎರಡನೆಯದರಲ್ಲಿ 90ರವರೆಗೆ. ಹಾಗಾಗಿ ‘ಫೈರ್ ರೆಸಿಸ್ಟೆನ್ಸ್ 30’ ಅನ್ನುವ ಉಂಗುರ ನಿಮಗೆ ಏನೂ ಕೊಡದಿದ್ದರೂ ‘ಗರಿಷ್ಠ ಫೈರ್ ರೆಸಿಸ್ಟೆನ್ಸ್ 3’ ಅನ್ನುವ ಗುರಾಣಿ ಸಿಕ್ಕರೆ ಬಿಡಬೇಡಿ. ಒಳಗೆ ಬರುವುದು 25ರಿಂದ 22ಕ್ಕೆ ಇಳಿದರೆ ಶೇ. 12ರಷ್ಟು ಕಡಿಮೆ ಬೆಂಕಿ.

ಮುಚ್ಚಳದ ಮೇಲೆ ಚೆಲ್ಲುವ ರೆಸಿಸ್ಟ್ ಕೂಡ ಎಲ್ಲ ಕಡೆ ವ್ಯರ್ಥ ಅಲ್ಲ. ಈ ಆಟಗಳು ಮುಂದೆ ಹೋದಂತೆ ಕೆಳಗಿನಿಂದ ಕಾಲು ಎಳೆಯುತ್ತವೆ. ಡಯಾಬ್ಲೋ 2ರ ವಿಸ್ತರಣೆಯಲ್ಲಿ ನೈಟ್‌ಮೇರ್ ಮಟ್ಟಕ್ಕೆ ಹೋದರೆ ನಿಮ್ಮ ಎಲ್ಲ ರೆಸಿಸ್ಟ್‌ನಿಂದ 40 ಹೋಗುತ್ತದೆ, ಹೆಲ್ ಮಟ್ಟದಲ್ಲಿ 100. ಅಲ್ಲಿ 75 ಕಾಣಬೇಕಾದರೆ ಮೈಮೇಲೆ 175 ಇರಬೇಕು. ಪಾತ್ ಆಫ್ ಎಕ್ಸೈಲ್‌ನಲ್ಲಿ ಕಥೆಯ ಐದನೇ ಅಂಕ (ಆ್ಯಕ್ಟ್) ಮುಗಿದಾಗ 30, ಹತ್ತನೇ ಅಂಕ ಮುಗಿದಾಗ ಮತ್ತೆ 30. ಶತ್ರುಗಳ ಶಾಪವೂ ಇದೇ ಹೆಚ್ಚುವರಿಯನ್ನು ಮೊದಲು ತಿನ್ನುತ್ತದೆ. ಆದ್ದರಿಂದ ಮುಚ್ಚಳದ ಮೇಲೆ 20–30 ಇಟ್ಟುಕೊಳ್ಳುವುದು ಜಾಣತನ.

ನಿಮ್ಮ ಗೆಳೆಯನ ಮಾತು ಎಲ್ಲಿಂದ ಬಂತು ಅಂತ ನನಗೊಂದು ಅನುಮಾನ ಇದೆ. ಅವನು ಆರ್ಮರ್ ಅಂಕಿಯನ್ನೂ ರೆಸಿಸ್ಟ್ ಶೇಕಡಾವನ್ನೂ ಕಲಸಿಬಿಟ್ಟಿರಬೇಕು. ಕೆಲವು ಆಟಗಳಲ್ಲಿ ಆರ್ಮರ್ ನೇರ ಶೇಕಡಾ ಅಲ್ಲ. ರೋಲ್ ಪ್ಲೇಯಿಂಗ್ ಅಲ್ಲದ ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಇದರ ಶುಚಿಯಾದ ರೂಪ ಸಿಗುತ್ತದೆ. ಅಲ್ಲಿ ಆರ್ಮರ್ 100 ಇದ್ದರೆ ಅರ್ಧ ಪೆಟ್ಟು ತಡೆಯುತ್ತದೆ. 200 ಇದ್ದರೆ ಮೂರರಲ್ಲಿ ಎರಡು ಭಾಗ. 300 ಇದ್ದರೆ ಮುಕ್ಕಾಲು. ಮೊದಲ ನೂರಕ್ಕೆ ಶೇ. 50, ಮುಂದಿನ ನೂರಕ್ಕೆ ಸುಮಾರು 17, ಅದರ ಮುಂದಿನದಕ್ಕೆ 8. ಕೈ ಬಿಗಿಯಾಗುತ್ತಾ ಹೋಗುತ್ತಿದೆ ಅನ್ನಿಸುತ್ತದೆ. ಆದರೆ 1000 ಜೀವ ಇರುವವನನ್ನು ಬೀಳಿಸಲು ಎಷ್ಟು ಪೆಟ್ಟು ಬೇಕು ಅಂತ ಎಣಿಸಿ ನೋಡಿ. ಕ್ರಮವಾಗಿ 2000, 3000, 4000. ಪ್ರತಿ ನೂರು ಆರ್ಮರ್‌ಗೆ ಅದೇ ಒಂದು ಸಾವಿರ. ಇಳಿಕೆಯೂ ಇಲ್ಲ, ಏರಿಕೆಯೂ ಇಲ್ಲ. ಇಂಥ ಆಟದಲ್ಲಿ ಮುಚ್ಚಳವೇ ಬೇಕಾಗುವುದಿಲ್ಲ.

ಪಾತ್ ಆಫ್ ಎಕ್ಸೈಲ್‌ನ ಆರ್ಮರ್ ಇನ್ನೂ ತುಂಟ. ಅದು ಬರುವ ಏಟಿನ ಗಾತ್ರ ನೋಡಿ ಕೆಲಸ ಮಾಡುತ್ತದೆ. ಚಿಕ್ಕ ಏಟನ್ನು ಸಲೀಸಾಗಿ ತಡೆಯುತ್ತದೆ, ಬಾಸ್‌ನ ದೊಡ್ಡ ಏಟಿಗೆ ಕೈ ಚೆಲ್ಲುತ್ತದೆ. ಪಾತ್ರದ ಪುಟದಲ್ಲಿ ತೋರಿಸುವ ಶೇಕಡಾ ಒಂದು ಅಂದಾಜು ಮಾತ್ರ. ಅದನ್ನು ನಂಬಿ ಬಾಸ್ ಎದುರು ನಿಂತವರ ಸಂಖ್ಯೆ ದೊಡ್ಡದು.

ಒಂದಕ್ಕಿಂತ ಹೆಚ್ಚು ರಕ್ಷಣೆ ಇದ್ದಾಗ ಅವು ಕೂಡುತ್ತವೋ, ಗುಣಿಸುತ್ತವೋ ಅಂತ ಬೇರೆ ನೋಡಬೇಕು. ಕೂಡುವ ಆಟದಲ್ಲಿ ಎರಡು ಶೇ. 50 ಸೇರಿದರೆ 100, ಸಾವೇ ಇಲ್ಲ. ಗುಣಿಸುವ ಆಟದಲ್ಲಿ ಅರ್ಧದ ಅರ್ಧ ಒಳಗೆ ಬರುತ್ತದೆ, ಅಂದರೆ 75 ತಡೆದಂತೆ. 2011ರ ಸ್ಕೈರಿಮ್ ಎರಡನ್ನೂ ಬೆರೆಸಿದೆ. ಅಲ್ಲಿ ಬೆಂಕಿ ರೆಸಿಸ್ಟ್ ಬೇರೆ, ಮ್ಯಾಜಿಕ್ ರೆಸಿಸ್ಟ್ ಬೇರೆ. ಒಂದೊಂದಕ್ಕೂ 85ರ ಮುಚ್ಚಳ. ಬೆಂಕಿಯ ಮಂತ್ರ ಎರಡೂ ಕಟ್ಟೆ ದಾಟಿ ಬರಬೇಕು. ಎರಡೂ 85 ಇದ್ದರೆ 1000ದಲ್ಲಿ 150 ಉಳಿದು, ಅದರಲ್ಲಿ ಮತ್ತೆ 22.5 ಮಾತ್ರ ಉಳಿಯುತ್ತದೆ. ಡ್ರ್ಯಾಗನ್ ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳಬಹುದು. ಅದೇ ಆಟದ ಆರ್ಮರ್‌ಗೆ 80ರ ಮುಚ್ಚಳ. ಗುರಾಣಿ ಬಿಟ್ಟು ನಾಲ್ಕೂ ತುಂಡು ತೊಟ್ಟವನಿಗೆ ಪರದೆಯ ಮೇಲೆ 567 ಕಂಡರೆ ಸಾಕು. ಅದರ ಮೇಲೆ ಕಮ್ಮಾರನ ಮುಂದೆ ಕೂತು ಬಡಿಸುವುದೆಲ್ಲ ಶೋಕಿ. ಒಂದು ಎಚ್ಚರಿಕೆ: ಆ ಆಟದಲ್ಲಿ ಗೋರಿಗಳಿಂದ ಏಳುವ ಡ್ರಾಗರ್‌ಗಳಿಗೆ ಹಿಮದ ಪೆಟ್ಟು ಅರ್ಧ ಮಾತ್ರ, ವಿಷ ತಾಗುವುದೇ ಇಲ್ಲ. ಆಟದ ಬಹಳಷ್ಟು ಗುಹೆಗಳಲ್ಲಿ ಸಿಗುವವರೇ ಅವರು. ಹಿಮದ ಕೊಡಲಿ ನೋಡಲು ಎಷ್ಟು ಚೆಂದ ಇದ್ದರೂ ಅಲ್ಲಿಗೆ ಒಯ್ಯಬೇಡಿ.

ಈಗ ಶಾಪ. ಇಲ್ಲಿ ಮೇಲಿನ ಲೆಕ್ಕವೇ ತಿರುವಿ ಹಾಕಿದಂತೆ. ಶತ್ರುವಿನ ಬೆಂಕಿ ರೆಸಿಸ್ಟ್ 0 ಇದೆ. ನಿಮ್ಮ ಶಾಪ ಅದನ್ನು ಮೈನಸ್ 20 ಮಾಡುತ್ತದೆ. 100 ಇದ್ದ ಪೆಟ್ಟು 120 ಆಯಿತು. ಐದರಲ್ಲೊಂದು ಭಾಗ ಲಾಭ, ಸರಿ. ಅದೇ ಶಾಪವನ್ನು 75 ರೆಸಿಸ್ಟ್ ಇರುವವನ ಮೇಲೆ ಹಾಕಿ. 75 ಇಳಿದು 55 ಆಯಿತು. ಮೊದಲು 25 ಬೀಳುತ್ತಿತ್ತು, ಈಗ 45. ಶೇ. 80ರಷ್ಟು ಜಾಸ್ತಿ! ಅದೇ ಶಾಪ, ಅದೇ 20. ಶತ್ರು ಗಟ್ಟಿಯಾದಷ್ಟೂ ಶಾಪಕ್ಕೆ ಬೆಲೆ. ಹಾಗಾಗಿ ಪುಡಿ ಶತ್ರುಗಳ ಮೇಲೆ ಶಾಪ ಹಾಕುತ್ತಾ ಕೂರಬೇಡಿ, ಅಷ್ಟರಲ್ಲಿ ಇನ್ನೊಂದು ಏಟು ಹಾಕಬಹುದು. ಬಾಸ್ ಬಂದಾಗ ಮೊದಲ ಕೆಲಸ ಅದೇ ಆಗಲಿ.

ಇಮ್ಯೂನ್ ಆದವನ ಕಥೆ ಬೇರೆ. ಡಯಾಬ್ಲೋ 2ರ ಹೆಲ್ ಮಟ್ಟದಲ್ಲಿ ಶತ್ರುವಿನ ರೆಸಿಸ್ಟ್ 100 ಮುಟ್ಟಿದರೆ ಅವನು ಇಮ್ಯೂನ್. ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಬೆಂಕಿ ಮಾತ್ರ ಕಲಿತ ಮಾಟಗಾತಿಯ ಜೊತೆ. ನೈಟ್‌ಮೇರ್ ಮಟ್ಟವನ್ನು ಬೆಂಕಿಯಿಂದಲೇ ಸುಟ್ಟು ಬೂದಿ ಮಾಡಿ ಬಂದಿದ್ದವಳು. ಹೆಲ್‌ನಲ್ಲಿ ಬೆಂಕಿಗೆ ಜಗ್ಗದವರ ಒಂದು ಗುಂಪು ಎದುರಾಯಿತು. ಬೆಂಕಿಯ ಉಂಡೆ ಅವರ ಮೈಮೇಲೆ ಸಿಡಿಯುತ್ತಿತ್ತು, ರಕ್ತದ ಪಟ್ಟಿ ಮಾತ್ರ ಅಲ್ಲಾಡಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ. ಅಲ್ಲಿ ಶಾಪಕ್ಕೂ ಪೂರ್ತಿ ಬಲ ಇಲ್ಲ. ಇಮ್ಯೂನ್ ಆದವನ ಮೇಲೆ ಐದರಲ್ಲೊಂದು ಭಾಗ ಮಾತ್ರ ನಡೆಯುತ್ತದೆ. ಶತ್ರುವಿಗೆ 110 ಇದೆ, ಶಾಪದಂತೆಯೇ ರೆಸಿಸ್ಟ್ ಇಳಿಸುವ ನಿಮ್ಮ ಕನ್ವಿಕ್ಷನ್ ಪ್ರಭೆ 85 ಇಳಿಸುತ್ತದೆ ಅನ್ನಿ. 85ರ ಐದನೇ ಒಂದು ಭಾಗ 17. 110 ಇಳಿದು 93 ಆಯಿತು. ಇಮ್ಯುನಿಟಿ ಒಡೆಯಿತು ಅಂತ ಕುಣಿಯುವ ಮೊದಲು ನೋಡಿ, 100 ಎಸೆದರೆ ಬೀಳುವುದು 7. ಒಂದೇ ಜಾತಿಯ ಪೆಟ್ಟು ನಂಬಿದವರು ಅಲ್ಲಿ ಎರಡನೆಯದನ್ನು ಕಲಿತರು, ಇಲ್ಲವೇ ಗುಂಪು ಕಟ್ಟಿಕೊಂಡರು. ಬಹಳ ವರ್ಷಗಳ ನಂತರ, 2022ರಲ್ಲಿ, ಹೊಸ ರೂಪದ ಆಟಕ್ಕೆ ಸಂಡರ್ ಚಾರ್ಮ್ ಅನ್ನುವ ತಾಯಿತಗಳು ಬಂದವು. ಅವು ಇಮ್ಯೂನ್ ಶತ್ರುವಿನ ರೆಸಿಸ್ಟನ್ನು 95ಕ್ಕೆ ತರುತ್ತವೆ, ಬದಲಿಗೆ ನಿಮ್ಮ ಸ್ವಂತ ರೆಸಿಸ್ಟ್ ಕಿತ್ತುಕೊಳ್ಳುತ್ತವೆ. ಒಳ್ಳೆಯ ವ್ಯಾಪಾರ ಅಂತ ನನ್ನ ಅಭಿಪ್ರಾಯ. ಹಳೆಯ ಆಟಗಾರರಲ್ಲಿ ಇದನ್ನು ಒಪ್ಪದವರೂ ಇದ್ದಾರೆ.

ಇಮ್ಯೂನ್‌ಗಿಂತ ಕೆಟ್ಟದ್ದು ಹೀರಿಕೊಳ್ಳುವುದು. ಫೈನಲ್ ಫ್ಯಾಂಟಸಿ ಸರಣಿಯಲ್ಲಿ ಕೆಲವು ಬೆಂಕಿಯ ಜೀವಿಗಳಿಗೆ ಬೆಂಕಿ ಹಾಕಿದರೆ ಜೀವ ಏರುತ್ತದೆ. ಉರಿಯುವ ಬೆಂಕಿಗೆ ತುಪ್ಪ. ಪರ್ಸೋನಾ ಸರಣಿಯಲ್ಲಿ ಪೆಟ್ಟು ತಿರುಗಿ ನಿಮ್ಮ ಮುಖಕ್ಕೇ ಬರುವುದೂ ಉಂಟು. ಇದರ ತಿರುವು ಇನ್ನೂ ಮಜವಾಗಿದೆ. ಸತ್ತು ಎದ್ದವರಿಗೆ ಔಷಧವೇ ವಿಷ. 1994ರ ಆರನೇ ಫೈನಲ್ ಫ್ಯಾಂಟಸಿಯಲ್ಲಿ ದೆವ್ವದ ರೈಲೊಂದು ಬಾಸ್ ಆಗಿ ಬರುತ್ತದೆ. ಸತ್ತವರನ್ನು ಬದುಕಿಸುವ ಫೀನಿಕ್ಸ್ ಡೌನ್ ಒಂದನ್ನು ಅದರ ಮೇಲೆ ಬಳಸಿದರೆ ಅಲ್ಲಿಗೆ ಮುಗಿಯಿತು.

ವಿಷ, ರಕ್ತಸ್ರಾವ, ನಿದ್ದೆ ಇವನ್ನೆಲ್ಲ ಡ್ಯಾಮೇಜ್ ಜಾತಿಗಳ ಜೊತೆ ಸೇರಿಸಬೇಡಿ. ಎಲ್ಡನ್ ರಿಂಗ್‌ನಲ್ಲಿ ರಕ್ತಸ್ರಾವ ಒಂದು ಪಾತ್ರೆ ತುಂಬಿದಂತೆ. ಪ್ರತಿ ಏಟಿಗೂ ಸ್ವಲ್ಪ ತುಂಬುತ್ತದೆ, ತುಂಬಿ ತುಳುಕಿದಾಗ ಶತ್ರುವಿನ ಒಟ್ಟು ಜೀವದ ಒಂದು ಪಾಲು ಕಿತ್ತುಕೊಂಡು ಹೋಗುತ್ತದೆ. ಅದಕ್ಕೆ ತಡೆಯೂ ಬೇರೆ ಕಡೆ ಬರೆದಿರುತ್ತದೆ, ರೊಬಸ್ಟ್‌ನೆಸ್ ಅಂತ. ಸುತ್ತಿಗೆಯ ಎದುರು ಸೋತ ಬೇಗದ ಆಯುಧಗಳಿಗೆ ಇಲ್ಲಿ ಸೇಡು ತೀರಿಸಿಕೊಳ್ಳುವ ಅವಕಾಶ ಇದೆ. ಪಾತ್ರೆ ತುಂಬುವುದು ಏಟಿನ ಲೆಕ್ಕದಲ್ಲಿ.

ಮಾನ್‌ಸ್ಟರ್ ಹಂಟರ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ರೆಸಿಸ್ಟ್ ಇಡೀ ಪ್ರಾಣಿಗೆ ಅಲ್ಲ, ಅಂಗಕ್ಕೊಂದು. ಬಾಲ ತುಂಡಾಗಬೇಕಾದರೆ ಕೊಯ್ಯುವ ಪೆಟ್ಟೇ ಬೇಕು. ತಲೆಗೆ ಸುತ್ತಿಗೆಯಿಂದ ಬಾರಿಸಿದರೆ ತಲೆ ತಿರುಗಿ ಬೀಳುತ್ತದೆ. ಯಾವ ಆಯುಧ ಅನ್ನುವ ಪ್ರಶ್ನೆಯ ಜೊತೆಗೆ ಎಲ್ಲಿಗೆ ಹೊಡೆಯಬೇಕು ಅನ್ನುವ ಪ್ರಶ್ನೆಯೂ ಬಂದಾಗ ಈ ವ್ಯವಸ್ಥೆಗೆ ನಿಜವಾದ ಜೀವ ಬರುತ್ತದೆ ಅಂತ ನನಗನ್ನಿಸುತ್ತದೆ. ಬಾರ್ಡರ್‌ಲ್ಯಾಂಡ್ಸ್ 2ರಲ್ಲಿ (2012) ಮಾಂಸಕ್ಕೆ ಬೆಂಕಿ, ಶೀಲ್ಡ್‌ಗೆ ವಿದ್ಯುತ್ತು, ಲೋಹಕ್ಕೆ ಆಮ್ಲ ಅಂತ ಸರಳವಾಗಿ ಇಟ್ಟಿದ್ದಾರೆ. ವಿಚರ್ 3ರಲ್ಲಿ ಪಿಶಾಚಿಗೆ ಬೆಳ್ಳಿ ಕತ್ತಿ, ಮನುಷ್ಯರಿಗೆ ಉಕ್ಕಿನ ಕತ್ತಿ. ಅಲ್ಲಿ ಪಾತ್ರವೇ ಸರಿಯಾದ ಕತ್ತಿ ಹಿರಿಯುತ್ತದೆ, ನೀವು ಯೋಚಿಸುವುದೇ ಬೇಡ. ಚೆಂದ ಇದೆ, ಆದರೆ ಯೋಚಿಸುವುದೇ ಬೇಡ ಅಂದಮೇಲೆ ಎರಡು ಕತ್ತಿ ಯಾಕೆ ಅಂತ ನನಗೆ ಆಗಾಗ ಅನ್ನಿಸಿದ್ದುಂಟು.

ನಿಮ್ಮ ಆಟದಲ್ಲಿ ಕಳೆಯುವ ಲೆಕ್ಕವೋ, ಶೇಕಡಾ ಲೆಕ್ಕವೋ ಅಂತ ಕಂಡುಹಿಡಿಯಲು ಹತ್ತು ನಿಮಿಷ ಸಾಕು. ಒಂದೇ ಶತ್ರುವನ್ನು ಆರಿಸಿ, ಮತ್ತೆ ಮತ್ತೆ ಹುಟ್ಟುವವನಾದರೆ ಒಳ್ಳೆಯದು. ಒಂದೇ ಜಾತಿಯ ಪೆಟ್ಟಿನ ಎರಡು ಆಯುಧ ತಗೊಳ್ಳಿ, ಒಂದು 50ರದ್ದು, ಇನ್ನೊಂದು 100ರದ್ದು. ಎರಡರಿಂದಲೂ ಒಂದೊಂದು ಸಾದಾ ಏಟು ಹಾಕಿ, ಹಾರುವ ಅಂಕಿ ಬರೆದುಕೊಳ್ಳಿ. ಕ್ರಿಟಿಕಲ್ (ಅದೃಷ್ಟಕ್ಕೆ ಬೀಳುವ ಜಾಸ್ತಿ ಪೆಟ್ಟು) ಬಿದ್ದರೆ ಲೆಕ್ಕಕ್ಕೆ ಬೇಡ. ಎರಡನೆಯದು ಮೊದಲನೆಯದಕ್ಕಿಂತ ಸರಿಯಾಗಿ ಎರಡರಷ್ಟಿದ್ದರೆ ಅದು ಶೇಕಡಾ. ಎರಡರಷ್ಟಕ್ಕಿಂತ ಜಾಸ್ತಿ ಇದ್ದರೆ ನಡುವೆ ಎಲ್ಲೋ ಕಳೆಯುತ್ತಿದ್ದಾರೆ. ನಿಮ್ಮ ಕಲ್ಲಿನ ಬಾಸ್‌ನ ವರ್ತನೆ ನೋಡಿದರೆ ನಿಮಗೆ ಸಿಗುವುದು ಎರಡನೆಯ ಉತ್ತರವೇ ಇರಬೇಕು. ಎರಡರಷ್ಟೇ ಬಂದರೆ, ಅವನಿಗೆ ಬೆಂಕಿಯ ರೆಸಿಸ್ಟ್ ಬಹಳ ಜಾಸ್ತಿ ಇದೆ ಅಂತ ತಿಳಿಯಿರಿ. ಬೆಂಕಿಯ 100 ಪೂರ್ತಿ ಸತ್ತರೆ ಹೊಸ ಕತ್ತಿಯಲ್ಲಿ ಉಳಿಯುವುದು 110 ಮಾತ್ರ, ಹಳೆಯದು 180. ಆಗಲೂ ಹಳೆಯ ಕತ್ತಿಯೇ ಗೆಲ್ಲುತ್ತದೆ.

ಬೆಂಕಿ ಕತ್ತಿಯನ್ನು ಮಾರಬೇಡಿ. ಪೆಟ್ಟಿಗೆಯಲ್ಲಿರಲಿ. ಕಲ್ಲಿನವನನ್ನು ಹಳೆಯ ಕತ್ತಿಯಿಂದ, ಸಿಕ್ಕರೆ ಸುತ್ತಿಗೆಯಿಂದ ಮುಗಿಸಿ. ಮುಂದೆ ಹಿಮದವರೋ, ಮರದವರೋ, ಬಟ್ಟೆ ಮಾತ್ರ ತೊಟ್ಟ ಮಂತ್ರವಾದಿಗಳೋ ಬಂದಾಗ ಅದನ್ನು ಹೊರಗೆ ತೆಗೆಯಿರಿ. 75 ಮುಟ್ಟಿದ ಮೇಲೂ ಬೆರಳಿಗೆ ಬೆಂಕಿ ತಡೆಯುವ ಉಂಗುರ ಹಾಕಿದ್ದರೆ ಅದನ್ನು ಮಾತ್ರ ಬಿಚ್ಚಿ. ಮುಚ್ಚಳದ ಮೇಲೆ ಮೂವತ್ತು ಹೆಚ್ಚುವರಿ ಇದೆಯಾ ಅಂತ ಒಮ್ಮೆ ನೋಡಿಕೊಂಡು ಆ ಬೆರಳನ್ನು ಮಿಂಚಿಗೋ ಚಳಿಗೋ ಕೊಡಿ. ನೀವು ಬರೆದಿದ್ದರಲ್ಲಿ ಆ ಎರಡರ ಸುದ್ದಿಯೇ ಇಲ್ಲ.